ಸಟ್ಟಿಯ ಕಾಗದ

ಮಗು ಹುಟ್ಟಿದ ಮೂರನೇ ದಿನ, ಗುರುವಾರ, ನಮ್ಮ ಅಳಿಯ ನಿತೇಶ ಸೂಟ್‌ಕೇಸು ಹಿಡಕೊಂಡು ಬಂದ. ಮಗು ನೋಡಲಿಕ್ಕೆ ಬರುವವರು ಹಣ್ಣು ತರ್ತಾರೆ, ಬಿಸ್ಕಿಟು ತರ್ತಾರೆ, ಊಟ ಮಾಡಿ ಸಂಜೆ ಬಸ್ಸಿಗೆ ಹೋಗ್ತಾರೆ. ಸೂಟ್‌ಕೇಸು ಎಂತಕ್ಕೆ? ನಾನು ಅಂಗಳದಲ್ಲಿ ತಾರ್ಲೆ ಮೀನು ಒಣಹಾಕುತ್ತಿದ್ದೆ, ಕೂತಲ್ಲಿಂದಲೇ ಕೇಳಿದೆ.

"ಎಲ್ಲಿಗೆ ಹೊರಟದ್ದು ಅಳಿಯಂದ್ರು?"

"ಇಲ್ಲಿಗೇ ಅತ್ತೆ. ಹದಿನೈದು ದಿನ ರಜೆ ಹಾಕಿ ಬಂದೆ."

"ಯಾರಿಗೆ ಆರಾಮಿಲ್ಲ?"

"ಎಲ್ಲರೂ ಆರಾಮ ಇದ್ದಾರೆ. ಇದು ತಂದೆಯಾದವರಿಗೆ ಕೊಡೂ ರಜೆ. ರೂಲಿನಲ್ಲೇ ಅದೆ."

ನನಗೆ ನಗು ತಡೀಲಿಕ್ಕೆ ಆಗಲಿಲ್ಲ. ನಾನೂ ಇಬ್ಬರನ್ನು ಹೆತ್ತವಳು. ರೂಪಾಲಿ ಹುಟ್ಟುವಾಗ ನಮ್ಮ ಮನೆಯವರು ಬೋಟಿನಲ್ಲಿ ಮಲ್ಪೆ ಕಡೆಗಿದ್ದರು, ಮಗಳ ಮುಖ ನೋಡಿದ್ದು ನಲ್ವತ್ತನೇ ದಿನಕ್ಕೆ. ಸೋಮು ಹುಟ್ಟುವಾಗ ಮನೆಯಲ್ಲೇ ಇದ್ದರು, ಜಗಲಿಯಲ್ಲಿ ಬಲೆ ಹೊಲೀತಾ. ಒಳಗಿಂದ ಅಳು ಕೇಳಿ ಗಂಡಾ ಹೆಣ್ಣಾ ಅಂತ ಕೇಳಿದರು, ಮತ್ತೆ ಬಲೆ ಹೊಲಿದರು. ಅವರು ತೀರಿ ಈಗ ಎಂಟು ವರ್ಷ. ಅವರೇನಾದರೂ ಈ ಮಾತು ಕೇಳಿದ್ದರೆ ನನಗಿಂತ ಜೋರು ನಗುತ್ತಿದ್ದರು.

"ಕೋಳಿ ಮೊಟ್ಟೆ ಇಟ್ಟದ್ದಕ್ಕೆ ಹುಂಜ ಕಾವು ಕೂತ ಹಾಗಾಯ್ತು," ಅಂದೆ. ನನ್ನ ಬಾಯಿ ಹಾಗೇ. ನಮ್ಮೂರು ಬೊಬ್ರುವಾಡದಲ್ಲಿ ಯಾರನ್ನು ಬೇಕಾದರೂ ಕೇಳಿ.

ಅಳಿಯ ನಗುತ್ತಲೇ ಕಾಲು ತೊಳೆದು ಒಳಗೆ ಬಂದ. ಆದರೆ ನನಗೆ ಒಳಗೊಳಗೇ ಪುಕಪುಕ. ಇವ ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಸ್ಟೋರ್ಸ್ ಗುಮಾಸ್ತನಾಗಿ ಸೇರಿ ಬರೀ ಒಂದೂವರೆ ತಿಂಗಳು. ಅದಕ್ಕೂ ಮೊದಲು ಆರು ವರ್ಷ ಕಾರವಾರದ ಪೇಟೆಯಲ್ಲಿ ಯಾರ್ಯಾರದೋ ಅಂಗಡಿಯಲ್ಲಿ ನಿಂತಿದ್ದ. ಎರಡು ವರ್ಷ ಕಳೆದ ಮೇಲೇ ನೌಕರಿ ಕಾಯಂ. ಇಂಥ ಹೊಸ ನೌಕರಿಯಲ್ಲಿ ಹದಿನೈದು ದಿನ ರಜೆ ಅಂದರೆ?

"ನಿಮ್ಮ ಸಾಹೇಬರು ಬೈಲಿಲ್ಲವಾ?"

"ಬೈಲಿಲ್ಲ. ಕನ್ನಡಕ ತೆಗೆದು ನೋಡಿದರು. ನಮ್ಮ ಸೆಕ್ಷನ್ನಿನಲ್ಲಿ ಈ ರಜೆ ಯಾರೂ ಕೇಳಿದ್ದೇ ಇಲ್ಲವಂತೆ. ಫಾರ್ಮ್ ತುಂಬಿ, ಮಗು ಹುಟ್ಟಿದ್ದಕ್ಕೆ ಡಾಕ್ಟರ ಸಹಿ, ಸೀಲು ಹಾಕಿಸಿ ಮುಂದಿನ ಬುಧವಾರದ ಒಳಗೆ ನನ್ನ ಟೇಬಲ್ಲಿಗೆ ಮುಟ್ಟಿಸು ಅಂದರು. ಮುಟ್ಟಲಿಲ್ಲ ಅಂದರೆ ಹೇಳದೆ ಕೇಳದೆ ಹೋದವ ಅಂತ ಬರೀಬೇಕಾಗ್ತದೆ, ಹೊಸಬನಿಗೆ ಅದು ಒಳ್ಳೇದಲ್ಲ ಅಂದರು."

"ಮತ್ತೆ ಎಂತಕ್ಕೆ ಬೇಕಿತ್ತು ಈ ಉಸಾಬರಿ? ಇಲ್ಲಿ ನಾ ಇಲ್ಲವಾ?"

ಅವ ಬಾಣಂತಿ ಕೋಣೆಯ ಬಾಗಿಲ ಕಡೆ ನೋಡಿದ. ಅಲ್ಲಿ ರೂಪಾಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಮಗು ಎದ್ದು ಕಣ್ಣು ಪಿಳಿಪಿಳಿ ಮಾಡುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಇದನ್ನು ಹೇಳಲೇಬೇಕು. ಆಸ್ಪತ್ರೆಯಿಂದ ಬಂದಾಗಿನಿಂದ ನನ್ನ ಮಗಳು ಹಾಗೇ ಇದ್ದಳು. ಗಂಜಿ ಇಟ್ಟರೆ ಎರಡು ತುತ್ತು, ಆಮೇಲೆ ತಟ್ಟೆ ದೂಡುವುದು. ಮಗುವನ್ನು ನಾವೇ ಎತ್ತಿ ಎದೆಗೆ ಕೊಟ್ಟರೆ ಹಾಲು ಕುಡಿಸುತ್ತಿದ್ದಳು, ಕಣ್ಣು ಮಾತ್ರ ಜಂತಿಯ ಮೇಲೆ. ಅಳುವುದಿಲ್ಲ, ಬೈಯುವುದಿಲ್ಲ. ಸುಸ್ತು, ಎರಡು ದಿನಕ್ಕೆ ಸರಿಯಾಗ್ತಾಳೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಆದರೆ ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ.

ಯಾಕೆಂದರೆ ಅದೇ ಕೋಣೆಯಲ್ಲಿ, ಅದೇ ಗೋಡೆಯ ಹತ್ತಿರ ನನ್ನ ತಂಗಿ ಗಂಗೂ ಹೀಗೇ ಮಲಗಿದ್ದಳು. ಮೂವತ್ತೊಂದು ವರ್ಷದ ಹಿಂದೆ. ತವರಿನಲ್ಲಿ ಯಾರೂ ಇಲ್ಲದೆ ಹೆರಿಗೆಗೆ ನನ್ನಲ್ಲಿಗೇ ಬಂದಿದ್ದಳು. ಗಂಡು ಹೆತ್ತಿದ್ದಳು. ಗಂಡ ಎರಡನೇ ದಿನಕ್ಕೇ ಬೋಟಿಗೆ ಹೋದ, ಅವನ ತಪ್ಪು ಅಂತ ಯಾರಿಗೂ ಅನಿಸಲಿಲ್ಲ. ಗಂಗೂ ಗೋಡೆ ನೋಡಿದಳು. ನಾನು, ಈ ಬಾಯಿಂದಲೇ, ಸೋಗು ಮಾಡ್ತಾಳೆ ಅಂದೆ. ಆಮೇಲೆ ಮೂವತ್ತು ವರ್ಷ ನಮ್ಮ ಹಿಂದಿನ ಜಗಲಿಯಲ್ಲಿ ಕೂತಳು. ಕೊಟ್ಟರೆ ಉಂಡಳು, ಎಬ್ಬಿಸಿದರೆ ಎದ್ದಳು. ಮಗನನ್ನು ಒಂದು ದಿನ ಮಡಿಲಿಗೆ ಹಾಕಿಕೊಳ್ಳಲಿಲ್ಲ. ಹೋದ ವರ್ಷ ಸತ್ತಳು. ಸತ್ತ ದಿನ ಮನೆಯಲ್ಲಿ ಹೆಚ್ಚು ಬದಲೇನೂ ಆಗಲಿಲ್ಲ, ಅದೇ ನನಗೆ ಇವತ್ತಿಗೂ ಸಂಕಟ.

ನಮ್ಮಲ್ಲಿ ಹೆರಿಗೆಯ ಮೈಲಿಗೆ, ಅಮೆ, ಹನ್ನೊಂದು ದಿನ. ಅಲ್ಲಿತನಕ ಗಂಡಸರು ಬಾಣಂತಿ ಕೋಣೆಗೆ ಕಾಲಿಡುವಂತಿಲ್ಲ. ಅಳಿಯನಿಗೆ ಮೊದಲೇ ಹೇಳಿದೆ.

"ಅಮೆ ನನಗೂ ಅದೆಯಲ್ಲ ಅತ್ತೆ," ಅಂದ. "ಮತ್ತೆ ಒಳಗೆ ಹೋದರೆ ಹೊಸದಾಗಿ ಎಂತ ಹತ್ತೂದು?"

ಜವಾಬಿಲ್ಲದಿದ್ದಾಗ ನನಗೆ ಸಿಟ್ಟು ಬರ್ತದೆ. "ಹೊಸ್ತಿಲು ದಾಟಬೇಡಿ, ಅಷ್ಟೇ," ಅಂದೆ.

ಸರಿ, ಅವ ಹೊಸ್ತಿಲ ಹೊರಗೆ ಒಂದು ಮಣೆ ಹಾಕಿ ಕೂತ. ಕೂತದ್ದು ಕೂತದ್ದೇ.

ಹೇಗೆ ಹೇಳುವುದು ಆ ದಿನಗಳನ್ನು. ದೀಪಾವಳಿ ಕಳೆದು ಹತ್ತು ದಿನವಾಗಿತ್ತು, ಬಿಸಿಲು ಇನ್ನೂ ಎಳೆಯದು. ಬೆಳಿಗ್ಗೆ ಮಂಜಿ ಬಂದು ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ ಮೀಸುತ್ತಿದ್ದಳು. ಊರಿನ ಅರ್ಧ ಮಕ್ಕಳನ್ನು ಮೀಯಿಸಿದ ಕೈ ಅವಳದ್ದು. ಅವಳಿಗೆ ಹಂಡೆ ನೀರು ಕಾಯಿಸಿ ಕೊಡುವುದು ಅಳಿಯ. ಮಿಂದಾದ ಮೇಲೆ ಕೆಂಡಕ್ಕೆ ಓಮ ಹಾಕಿ ಹೊಗೆ ಹಾಕುತ್ತಿದ್ದೆವು, ಆ ಹೊಗೆ ಕೋಣೆಯಿಂದ ನಿಧಾನ ಹೊರಗೆ ಬಂದು ಹೊಸ್ತಿಲಲ್ಲಿ ಕೂತವನ ಸುತ್ತ ಸುತ್ತಿ ಮಾಡಿನ ಹಂಚಿಗೆ ಹೋಗುತ್ತಿತ್ತು. ಹನ್ನೊಂದು ಗಂಟೆಗೆ ಹಂಚಿನ ಸಂದಿಯಿಂದ ಒಂದು ಬಿಸಿಲಿನ ಬಿಲ್ಲೆ ನೆಲಕ್ಕೆ ಬೀಳುತ್ತದೆ. ಅದು ಅಡುಗೆಮನೆ ಬಾಗಿಲು ಮುಟ್ಟಿದರೆ ಊಟದ ಹೊತ್ತು. ಅಳಿಯ ಅದನ್ನು ಸಣ್ಣ ಮಕ್ಕಳು ನೋಡುವ ಹಾಗೆ ನೋಡುತ್ತಿದ್ದ.

"ಈ ಹೊತ್ತಿನಲ್ಲಿ ಮನೆ ಹೀಗಿರ್ತದೆ ಅಂತ ನಂಗೆ ಗೊತ್ತೇ ಇರಲಿಲ್ಲ ಅತ್ತೆ," ಅಂದ.

"ಗೊತ್ತಿದ್ದು ಎಂತ ಮಾಡ್ತಿದ್ರಿ?"

"ಎಂತ ಇಲ್ಲ. ನೋಡ್ತಾ ಕೂರ್ತಿದ್ದೆ."

ಒಳಗೆ ಮುಖ ತಿರುಗಿಸಿ ಮಲಗಿದವಳಿಗೆ ಅವ ತನ್ನ ಸ್ಟೋರ್ಸಿನ ಕತೆ ಹೇಳುತ್ತಿದ್ದ. ಅಲ್ಲಿ ಪ್ರತಿಯೊಂದು ಬೋಲ್ಟಿಗೂ ಒಂದು ನಂಬರಂತೆ. ನಂಬರಿಲ್ಲದ ವಸ್ತು ಕಣ್ಣೆದುರು ಇದ್ದರೂ ಇಲ್ಲದ ಲೆಕ್ಕವಂತೆ. ಮೊನ್ನೆ ಒಂದು ಬೆಕ್ಕು ಒಳಗೆ ಮರಿ ಹಾಕಿತ್ತಂತೆ, ಅದಕ್ಕೆ ಯಾವ ನಂಬರು ಕೊಡೂದು ಅಂತ ಇಡೀ ಸೆಕ್ಷನ್ನಿಗೆ ಚರ್ಚೆಯಂತೆ. ಸಾವಕಾಶ, ತೂಕಡಿಸುವವರ ದನಿಯಲ್ಲಿ ಹೇಳುತ್ತಿದ್ದ. ಕೇಳ್ತಾ ಕೇಳ್ತಾ ನನಗೇ ಅಕ್ಕಿ ಆರಿಸುವಲ್ಲಿ ಕಣ್ಣು ಎಳೆಯುತ್ತಿತ್ತು. ಮಧ್ಯಾಹ್ನ ಮಗು ಮಲಗಿ, ಮಂಜಿ ಜಗಲಿಯಲ್ಲಿ ಅಡ್ಡಾಗಿ, ದೂರ ಕೇಣಿಯ ಸಮುದ್ರ ಒಂದೇ ಸಮ ಸುಂಯ್ ಅನ್ನುತ್ತಾ, ಇಡೀ ಮನೆ ನೀರಿನ ಮೇಲೆ ತೇಲಿದ ಹಾಗೆ. ದಿನಕ್ಕೆ ಹೆಸರೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಒಳಗಿಂದ ಒಂದು ಸಣ್ಣ ದನಿ ಬಂತು.

"ಮತ್ತೆ?"

ರೂಪಾಲಿ. ಮುಖ ಗೋಡೆ ಕಡೆಗೇ ಇತ್ತು. ಆದರೆ ಹೆತ್ತ ಮೇಲೆ ನಾಲ್ಕು ದಿನದಲ್ಲಿ ಅವಳು ಯಾರೂ ಕೇಳದೆ ಆಡಿದ ಮೊದಲ ಮಾತು ಅದು. ನನ್ನ ಕೈಯಲ್ಲಿದ್ದ ಮೊರ ಅಲ್ಲಿಗೇ ನಿಂತಿತು.

"ಮತ್ತೆ ಎಂತ, ಬೆಕ್ಕಿಗೆ ತಾತ್ಕಾಲಿಕ ನಂಬರು ಕೊಟ್ರು," ಅಂದ ಅಳಿಯ. "ನನ್ನ ಹಾಗೇ. ಇನ್ನೂ ಕಾಯಂ ಆಗಲಿಲ್ಲ."

ಆ ಹೊತ್ತು ಅವಳು ಗಂಜಿ ಅರ್ಧ ತಟ್ಟೆ ಉಂಡಳು. ಶನಿವಾರ ಮುಕ್ಕಾಲು. ಅವ ಎದ್ದು ಎಲ್ಲಾದರೂ ಹೋದರೆ ಮಾತ್ರ ತಟ್ಟೆ ಹಾಗೇ ಉಳಿಯುತ್ತಿತ್ತು. ನಾನು ಕುರುಡಿ ಅಲ್ಲ, ಎಲ್ಲ ನೋಡಿದೆ.

ಅವ ಕೂತು ತಿನ್ನುವ ಅಳಿಯನೂ ಅಲ್ಲ. ಮಗುವಿನ ಬಟ್ಟೆ ತಾನೇ ಒಗೆಯುತ್ತೇನೆ ಅಂದ. ಮಾನ ಹೋಗ್ತದೆ ಬೇಡ ಅಂದೆ. ಕೇಳಲಿಲ್ಲ. ಬಾವಿ ಹತ್ತಿರದ ಕಲ್ಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಗೆದ, ಅಂಗಳದ ತುಂಬ ಹಗ್ಗ ಕಟ್ಟಿ ಹಾಕಿದ. ಊರು ಬಿಡ್ತದಾ? ಮೀನುಪೇಟೆಯಲ್ಲಿ ಮಂಗಲಾ ಎಲ್ಲರೆದುರಿಗೇ ಕೇಳಿದಳು, "ಏ ಚಂಪಾ, ನಿನ್ನ ಮಗಳಲ್ಲವಂತೆ, ಅಳಿಯನೇ ಹೆತ್ತದ್ದಂತೆ ಹೌದಾ?"

"ಹೌದೇ. ಅವನಿಗೆ ಓಮದ ಕಷಾಯ ಕೊಡ್ತಿದ್ದೆ. ನಿನ್ನ ಗಂಡನಿಗೂ ಬೇಕಾ?" ಅಂದೆ. ಆದರೂ ಮೈಯೆಲ್ಲ ಉರಿಯಿತು.

ಭಾನುವಾರ ಆರನೇ ದಿನ, ಸಟ್ಟಿ. ಆವತ್ತು ಸಟ್ಟಿದೇವಿ ಬಂದು ಮಗುವಿನ ಹಣೆಬರಹ ಬರೀತಾಳೆ. ಅವಳಿಗೆ ಬರೆಯಲಿಕ್ಕೆ ಪೆನ್ನು, ಕಾಗದ ಇಡಬೇಕು. ಕಾಗದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಮಡಿಕೆ ಮಾಡಿ, ಮಗುವಿನ ತಲೆದಿಂಬಿನ ಅಡಿ ಇಡುವುದು ನಮ್ಮ ಮನೆಯ ಪದ್ಧತಿ. ಹನ್ನೆರಡನೇ ದಿನ ತೊಟ್ಟಿಲು ಕಟ್ಟಿ ಹೆಸರಿಟ್ಟ ಮೇಲೆ ಅದನ್ನು ಸಮುದ್ರಕ್ಕೆ ಬಿಡಬೇಕು. ನಡುವೆ ಮುಟ್ಟುವಂತಿಲ್ಲ. ಮುಟ್ಟಿದರೆ ಬರೆದದ್ದು ಅಳಿಸಿಹೋಗಿ ಮಗುವಿನ ಆಯುಷ್ಯಕ್ಕೇ ಕುಂದು ಅಂತ ನನ್ನ ಅತ್ತೆ ಹೇಳುತ್ತಿದ್ದಳು.

ದೀಪ ಹಚ್ಚುವ ಹೊತ್ತು. ತೆಂಗಿನಕಾಯಿ, ಅಕ್ಕಿ, ವೀಳ್ಯ ಎಲ್ಲ ತಯಾರು, ಕಾಗದ ಇಲ್ಲ. ನನಗೆ ಓದು ಬರಹ ಬರುವುದಿಲ್ಲ, ಸೋಮು ಬೇಲೇಕೇರಿಯಲ್ಲಿ ಟ್ರಾಲರಿಗೆ ಹೋಗುವವ. ನಮ್ಮ ಮನೆಯಲ್ಲಿ ಮೀನು ಕಟ್ಟುವ ಪೇಪರು ಬಿಟ್ಟರೆ ಕಾಗದ ಎಲ್ಲಿಂದ ಬರಬೇಕು? ಸೋಮು ಮತ್ತೆ ಅಳಿಯ ಕೇಣಿಗೆ ಹೋಗಿದ್ದರು. ಗೂಟದಲ್ಲಿ ಅಳಿಯನ ಅಂಗಿ ತೂಗುತ್ತಿತ್ತು, ಕಿಸೆಯಲ್ಲಿ ಪೆನ್ನು, ಅದರ ಹಿಂದೆ ಮಡಚಿದ ಕಾಗದ. ಬಿಡಿಸಿ ನೋಡಿದೆ. ಒಂದು ಬದಿ ಅಚ್ಚಿನ ಅಕ್ಷರ, ಶಾಯಿಯ ಗೀಚು, ಇನ್ನೊಂದು ಬದಿ ಹಾಲಿನ ಹಾಗೆ ಬಿಳಿ. ಸಟ್ಟಿಗೆ ಒಂದು ಬದಿ ಸಾಕು. ಆಫೀಸಿನವರಿಗೆ ಇಂಥ ಕಾಗದಕ್ಕೆ ಎಂಥ ಬರಗಾಲ ಅಂದುಕೊಂಡೆ. ಅರಿಶಿನ ಹಚ್ಚಿ, ಕೈಮುಗಿದು, ಮಗುವಿನ ತಲೆಯಡಿ ಇಟ್ಟೆ.

ಸೋಮವಾರ ಬೆಳಿಗ್ಗೆ ಅಳಿಯ ಅಂಗಿ ಕೊಡವಿದ. ಸೂಟ್‌ಕೇಸು ಬಿಚ್ಚಿ ಸುರಿದ. ಚಾಪೆ ಎತ್ತಿದ.

"ಅತ್ತೆ, ಕಿಸೆಯಲ್ಲಿ ಒಂದು ಕಾಗದ ಇತ್ತು, ಕಂಡ್ರಾ? ರಜೆಯ ಫಾರ್ಮು. ಶನಿವಾರ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಸಹಿ, ಸೀಲು ಎಲ್ಲ ಹಾಕಿಸಿದ್ದೆ. ಇವತ್ತು ಪೋಸ್ಟ್ ಮಾಡೂದಿತ್ತು."

ನಾನು ಒಲೆಗೆ ಸೌದೆ ದೂಡಿದೆ.

"ನಾ ಕಂಡಿಲ್ಲ," ಅಂದೆ. ಸುಳ್ಳು. ಐವತ್ತೆಂಟು ವರ್ಷದ ನಾಲಿಗೆ, ಒಂದು ಕ್ಷಣ ತಡವರಿಸಲಿಲ್ಲ.

"ಬೇರೆ ಬರೆಯಲಿಕ್ಕೆ ಆಗೂದಿಲ್ಲವಾ?" ಅಂತ ಆಮೇಲೆ ಕೇಳಿದೆ.

"ಫಾರ್ಮು ಮಲ್ಲಾಪುರದಲ್ಲೇ ಸಿಗೂದು. ತಂದರೂ ಸಹಿ ಯಾರು ಹಾಕ್ತಾರೆ? ಡಾಕ್ಟರಮ್ಮ ಇವತ್ತಿಂದ ಊರಿಗೆ ಹೋಗ್ತೇನೆ ಅಂದಿದ್ದರು. ಬರೂದು ಮುಂದಿನ ವಾರ." ಹೇಳುತ್ತಾ ಹೇಳುತ್ತಾ ಅವ ಬಾವಿ ಕಡೆ ನೋಡಿದ. "ನಿನ್ನೆ ಇನ್ನೊಂದು ಅಂಗಿ ಒಗೆದೆನಲ್ಲ ಅತ್ತೆ, ಅದರ ಕಿಸೆಯಲ್ಲಿ ಇತ್ತೋ ಏನೋ. ನಾನೇ ಒಗೆದು ಹಾಕಿದೆ ಕಾಣ್ತದೆ."

ಬಾವಿಕಟ್ಟೆಗೆ ಹೋದ. ಒಗೆಯುವ ಕಲ್ಲಿನ ಹತ್ತಿರ, ನೀರು ಹರಿಯುವ ಕಾಲುವೆಯಲ್ಲಿ, ಕೆಸುವಿನ ಗಿಡದ ಬುಡದಲ್ಲಿ ಬಗ್ಗಿ ಬಗ್ಗಿ ಹುಡುಕಿದ. ಕೊಳೆತ ಕಾಗದದ ಚೂರು ಸಿಕ್ಕೀತಾ ಅಂತ. ಮಗಳ ಬಟ್ಟೆಯ ಜತೆ ಅಂಗಿಯನ್ನೂ ಒಗೆದದ್ದಕ್ಕೆ ತನಗೇ ತಾನು ಬೈದುಕೊಂಡ. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಆದರೆ ಬಾಯಿ ಬಿಡಲಿಲ್ಲ. ಅವನ ನೌಕರಿ ದೊಡ್ಡದಾ, ಮಗುವಿನ ಆಯುಷ್ಯ ದೊಡ್ಡದಾ? ನೀವೇ ಹೇಳಿ.

ಮಂಜಿಯ ಹತ್ತಿರ ಸುಮ್ಮನೆ ಕೇಳಿದೆ. "ಸಟ್ಟಿ ಕಾಗದ ಹನ್ನೆರಡಕ್ಕೂ ಮೊದಲು ತೆಗೆದದ್ದು ಎಲ್ಲಾದ್ರೂ ಕಂಡಿದ್ಯೇನೇ?"

"ನಾ ಕಂಡೂ ಇಲ್ಲ, ಕೇಳಿಯೂ ಇಲ್ಲ. ಎಂತಕ್ಕೆ?"

"ಎಂತ ಇಲ್ಲ. ನೀರು ಹದ ನೋಡು."

ಅವಳು ನನ್ನ ಮುಖ ಒಂದು ಸಲ ನೋಡಿ ನೀರಿಗೆ ಕೈ ಹಾಕಿದಳು.

ಮಂಗಳವಾರ ಹನ್ನೊಂದರ ಹೊತ್ತಿಗೆ ಬೀಗರು ಬಂದರು, ಅಳಿಯನ ಅಪ್ಪ ತುಳಸಿದಾಸ. ತೋಡೂರಿನವರು. ನೌಕಾನೆಲೆಗೆ ಅವರ ಕಡಲ ದಡ ಹೋದ ಮೇಲೆ ಬಲೆ ಮಡಚಿ ಅಟ್ಟಕ್ಕೆ ಹಾಕಿದವರು. ಎರಡು ಚೀಲ ತೆಂಗಿನಕಾಯಿ, ಮೊಮ್ಮಗಳಿಗೆ ಬೆಳ್ಳಿಯ ಬಳೆ ತಂದಿದ್ದರು. ಅಂಗಳಕ್ಕೆ ಬರುವಾಗ ಮಗ ಹಗ್ಗಕ್ಕೆ ಲಂಗೋಟಿ ಹಾಕುತ್ತಿದ್ದ. ಚೀಲ ಅಲ್ಲೇ ಇಳಿಸಿದರು.

"ಇದೆಂತ?"

"ಮಗುವಿನ ಬಟ್ಟೆ ಬಾಬಾ."

"ಬಟ್ಟೆ ಅಂತ ಕಾಣ್ತದೆ. ಡ್ಯೂಟಿಗೆ ಹೋಗಬೇಕಾದವ ಇಲ್ಲಿ ಎಂತ ಮಾಡ್ತೆ ಅಂತ ಕೇಳಿದ್ದು."

ಅಳಿಯ ರಜೆ ವಿಷಯ ಹೇಳಿದ. ಫಾರ್ಮ್ ಕಳೆದದ್ದೂ ಹೇಳಿದ. ಮುಚ್ಚಿಡುವ ಬುದ್ಧಿಯಿಲ್ಲ ಅವನಿಗೆ.

"ನಾಳೆ ಬುಧವಾರ," ಅಂದರು ಬೀಗರು. "ನಾಳೆ ಬೆಳಿಗ್ಗೆ ನೀನು ಆಫೀಸಿನಲ್ಲಿ ಇರಬೇಕು. ರಜೆ ಬೇಡ ಸಾಹೇಬ್ರೆ, ತಪ್ಪಾಯ್ತು ಅಂತ ಹೇಳು."

"ಬಾಬಾ, ಅವಳು ಸರಿ ಇಲ್ಲ. ಊಟ ಮಾಡೂದಿಲ್ಲ. ನಾ ಇದ್ದರೆ ಸ್ವಲ್ಪ—"

"ಹೆತ್ತ ಹೆಂಗಸು ಹಾಗೇ ಇರೂದು. ನಿನ್ನ ಆಯಿ ಇರಲಿಲ್ಲವಾ? ನಾ ಕೂತು ಕತೆ ಹೇಳಿದ್ದೆನಾ?"

"ನೀವು ಹೇಳಲಿಲ್ಲ. ಹೇಳಿದ್ದರೆ ಆಯಿಗೆ ಬೇಡ ಅನಿಸ್ತಿತ್ತಾ?"

"ಬಾಯಿ ಮುಚ್ಚು. ದಡ ಹೋಯ್ತು, ದೋಣಿ ಹೋಯ್ತು. ನಮ್ಮ ಮನೆಗೆ ಇರೂದು ನಿನ್ನ ನೌಕರಿ ಒಂದೇ. ಅದನ್ನೂ ಬಚ್ಚಲ ನೀರಿಗೆ ಬಿಡ್ತೆಯಾ?" ಹೇಳುತ್ತಾ ಬೀಗರ ದನಿ ಒಡೆಯಿತು. ಸಿಟ್ಟಲ್ಲ ಅದು, ಹೆದರಿಕೆ. ನನಗೆ ಹೆದರಿಕೆಯ ದನಿ ಗೊತ್ತು. ನನ್ನ ಕಡೆ ತಿರುಗಿದರು. "ಚಂಪಾಬಾಯಿ, ನೀವಾದರೂ ಹೇಳಬಾರದಾ?"

ನಾನು ಅವರ ತೆಂಗಿನಕಾಯಿ ಚೀಲ ಒಳಗೆ ಎಳೆದೆ.

ಅಳಿಯ ಉಳಿದ ಲಂಗೋಟಿಗಳನ್ನು ಹಗ್ಗಕ್ಕೆ ಹಾಕಿ ಮುಗಿಸಿದ. ಆಮೇಲೆ ಹೊಸ್ತಿಲ ಹತ್ತಿರ ಹೋಗಿ ಒಳಗೆ ಹೇಳಿದ. "ನಾ ನಾಳೆ ಮೊದಲನೇ ಬಸ್ಸಿಗೆ ಹೋಗ್ತೆ. ಶನಿವಾರ ತೊಟ್ಟಿಲಿಗೆ ಬರಲಿಕ್ಕೆ ಆಗ್ತದಾ ನೋಡ್ತೆ."

ಊಟದ ಹೊತ್ತಿಗೆ ನಾನು ಬೆಳ್ಳುಳ್ಳಿ ಹಾಕಿದ ಕಾಳುಮೆಣಸಿನ ಸಾರು, ಗಂಜಿ ತಕ್ಕೊಂಡು ಒಳಗೆ ಹೋದೆ. ರೂಪಾಲಿ ತಟ್ಟೆ ನೋಡಲಿಲ್ಲ. ಮೆಲ್ಲಗೆ ಗೋಡೆ ಕಡೆ ತಿರುಗಿದಳು. ಮೊಣಕಾಲು ಹೊಟ್ಟೆಗೆ ತಂದು, ಒಂದು ಕೈ ಕೆನ್ನೆಯಡಿ ಇಟ್ಟು. ಗಂಗೂ ಹೀಗೇ ಇಡುತ್ತಿದ್ದಳು ಆ ಕೈ. ಅದೇ ಗೋಡೆ, ಅದೇ ಕೈ. ನಾನು ತಟ್ಟೆ ಹಿಡಿದೇ ಕೂತುಬಿಟ್ಟೆ.

ಹಣೆಬರಹಕ್ಕೆ ಹೊಣೆ ಯಾರು ಅಂತಾರೆ. ಗಂಗೂನ ಹಣೆಬರಹಕ್ಕೆ ಹೊಣೆ ನಾವೇ ಅಂತ ನನಗೆ ಮೂವತ್ತು ವರ್ಷದಿಂದ ಗೊತ್ತು. ಯಾರ ಹತ್ತಿರವೂ ಹೇಳಿರಲಿಲ್ಲ, ಅಷ್ಟೇ. ಈ ಮಗುವಿಗೆ ನೂರು ವರ್ಷ ಆಯುಷ್ಯ ಬರೆದಿದ್ದರೂ ಅದರ ತಾಯಿ ಗೋಡೆ ನೋಡಿ ಮಲಗಿದರೆ ಆ ನೂರು ವರ್ಷ ಕಟ್ಟಿಕೊಂಡು ಅದು ಮಾಡುವುದೇನು?

ಸಟ್ಟಿಗೆ ಮನಸ್ಸಿನಲ್ಲೇ ಕೈಮುಗಿದೆ. ತಾಯೀ, ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ, ಈ ಕೂಸಿನ ಮೇಲೆ ಬೇಡ. ಹಾಗಂದು ಎಡಗೈಯಲ್ಲಿ ಮಗುವಿನ ತಲೆ ಎತ್ತಿ, ಬಲಗೈಯಲ್ಲಿ ಕಾಗದ ಎಳೆದೆ. ಮಗು ಎಚ್ಚರಾಗಲಿಲ್ಲ. ತುಟಿ ಚಪ್ಪರಿಸಿ ಮತ್ತೆ ನಿದ್ದೆಗೆ ಹೋಯಿತು.

ಹೊಸ್ತಿಲಿಗೆ ಬಂದು ಅಳಿಯನ ಕೈಗೆ ಕೊಟ್ಟೆ. ಅವ ಬಿಡಿಸಿದ. ಅರಿಶಿನದ ಕಲೆ, ನಡುವೆ ಕುಂಕುಮ, ಒಂದು ಮೂಲೆಗೆ ತಲೆಯೆಣ್ಣೆ.

"ಅತ್ತೆ, ಇದು..."

"ನಾನೇ ತೆಗೆದದ್ದು. ಸಟ್ಟಿಗೆ ಕಾಗದ ಇರಲಿಲ್ಲ. ನಿನ್ನೆ ಕೇಳಿದಾಗ ಗೊತ್ತಾಯ್ತು, ಗೊತ್ತಾದರೂ ಸುಳ್ಳು ಹೇಳಿದೆ. ಬೈಯೂದಿದ್ದರೆ ಬೈಯಿರಿ."

ಅವ ಬೈಲಿಲ್ಲ. ಬೀಗರು ಊಟ ಬಿಟ್ಟು ಎದ್ದು ಬಂದರು. "ಹನ್ನೆರಡು ದಿನ ಆಗದೆ ತೆಗೆದ್ರಾ ಚಂಪಾಬಾಯಿ?" ಅಂತ ಮೆಲ್ಲಗೆ ಕೇಳಿದರು. ಅವರ ಮನೆಯಲ್ಲೂ ಅದೇ ಪದ್ಧತಿ.

"ತೆಗೆದೆ. ಅದರಲ್ಲಿ ಎಂತ ಬರೆದದೆ, ಒಂದು ಸಲ ಓದಿ ಹೇಳಿ ಅಳಿಯಂದ್ರೆ. ನನಗೆ ಗೊತ್ತಾಗಬೇಕು."

ಅವ ಓದಿದ. ಇಂಗ್ಲೀಷಿನಲ್ಲಿತ್ತು, ಕನ್ನಡ ಮಾಡಿ ಹೇಳಿದ. "ಅರ್ಜಿದಾರನ ಹೆಸರು ನಿತೇಶ. ಹೆಂಡತಿಯ ಹೆಸರು ರೂಪಾಲಿ. ಮಗು ಹೆಣ್ಣು. ರಜೆಯ ಕಾರಣ, ಮಗು ಹುಟ್ಟಿದ್ದರಿಂದ ಹೆಂಡತಿ ಮತ್ತು ಮಗುವಿನ ಹತ್ತಿರ ಇರಬೇಕಾಗಿದೆ. ಹದಿನೈದು ದಿನ."

ಬಿಸಿಲಿನ ಬಿಲ್ಲೆ ಅಡುಗೆಮನೆ ಬಾಗಿಲು ದಾಟಿ ಹೋಗಿತ್ತು. ಒಳಗೆ ಕಂಬಳಿ ಸರಿದ ಸದ್ದಾಯಿತು. ನೋಡಿದರೆ ರೂಪಾಲಿ ಈ ಕಡೆ ತಿರುಗಿದ್ದಳು. ಅವಳ ಕಣ್ಣಿಂದ ನೀರು ಮೂಗಿನ ಮೇಲಿಂದ ಹಾದು ದಿಂಬಿಗೆ ಇಳಿಯುತ್ತಿತ್ತು. ಎಂಟು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಅಳು ನೋಡಿ ನನಗೆ ಅಷ್ಟು ಸಮಾಧಾನ ಆದದ್ದು ಜನ್ಮದಲ್ಲಿ ಇಲ್ಲ.

"ಸಟ್ಟಿ ಬರೆದದ್ದು ಓದಿ ಆಯ್ತು," ಅಂದೆ. "ಇನ್ನು ಹೊಸ್ತಿಲಿನದ್ದು ಯಾವ ಲೆಕ್ಕ? ಒಳಗೆ ಹೋಗಿ."

ಅಳಿಯ ನನ್ನ ಮುಖ ನೋಡಿದ, ತನ್ನ ಅಪ್ಪನ ಮುಖ ನೋಡಿದ, ಆಮೇಲೆ ಕಾಲೆತ್ತಿ ಒಳಗೆ ಇಟ್ಟ.

ಬೀಗರು ಕೈ ತೊಳೆದು ಬಂದು ಕಾಗದ ತಕ್ಕೊಂಡರು. ಕೊಡೆಯ ಒಳಗೆ ಇಟ್ಟರು, ಬೇಡ ಅನಿಸಿ ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟರು. "ಪೋಸ್ಟಿಗೆ ಹಾಕಿದರೆ ನಾಳೆ ಮುಟ್ಟೂದಿಲ್ಲ. ನಾ ತೋಡೂರಿಗೆ ಹೋಗಿ, ಬೆಳಿಗ್ಗೆ ಮಲ್ಲಾಪುರದ ಬಸ್ಸು ಹತ್ತುತ್ತೆ."

"ನೀವಾ?" ಅಂದೆ.

"ಮತ್ತೆ ಯಾರು? ಅವನಿಗೆ ರಜೆ ಅದೆಯಲ್ಲ."

ಬುಧವಾರ ಸಂಜೆ ಪಕ್ಕದ ಮನೆಗೆ ಬೀಗರ ಫೋನು ಬಂತು. ಸಾಹೇಬರು ಕಾಗದ ಹಿಡಿದು ಮೂಗಿಗೆ ತಂದು ನೋಡಿದರಂತೆ. ಇದೆಂತ ಅರಿಶಿನ ಅಂತ ಕೇಳಿದರಂತೆ. ಬೀಗರು ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ಸಾಹೇಬರು ಕೇರಳದ ಕಡೆಯವರು, ಎಷ್ಟು ಅರ್ಥ ಆಯಿತೋ ಗೊತ್ತಿಲ್ಲ. ಸಹಿ ಮಾಡಿ, ಸೀಲನ್ನು ಮಾತ್ರ ಅರಿಶಿನದ ಮೇಲೆ ಹೊಡೆಯದೆ ಪಕ್ಕಕ್ಕೆ ಸರಿಸಿ ಹೊಡೆದರಂತೆ.

ಶನಿವಾರ ತೊಟ್ಟಿಲು ಕಟ್ಟಿ ಮಾನಸಾ ಅಂತ ಹೆಸರಿಟ್ಟೆವು. ಸಂಜೆ ಸೋಮು ಕೇಳಿದ, "ಆಯಿ, ಸಟ್ಟಿ ಕಾಗದ ಕೊಡು, ಸಮುದ್ರಕ್ಕೆ ಬಿಟ್ಟು ಬರ್ತೆ."

"ಇಲ್ಲಿಲ್ಲ. ನಿನ್ನ ಸೋದರಸೊಸೆಯ ಹಣೆಬರಹ ಮಲ್ಲಾಪುರದಲ್ಲಿ ಅದೆ, ಫೈಲಿನಲ್ಲಿ," ಅಂದೆ.

ಉಳಿದ ದಿನಗಳು ಹೇಗೆ ಹೋದವೋ. ಅಳಿಯ ಮಗುವನ್ನು ತೋಳಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ತೂಗುತ್ತಿದ್ದ, ರೂಪಾಲಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಕೆಲವು ದಿನ ಚಲೋ, ಕೆಲವು ದಿನ ಮತ್ತೆ ಗೋಡೆ. ಪೂರಾ ಸರಿಯಾದಳು ಅಂತ ನಾ ಹೇಳುವುದಿಲ್ಲ. ಒಂದು ದಿನ ಮೋರಿ ಮೀನಿನ ಸಾರಿಗೆ ಉಪ್ಪು ಕಡಿಮೆ ಅಂದಳು. ಬಾಣಂತಿಗೆ ಹಾಲು ಬರಲಿ ಅಂತ ಹುಡುಕಿ ತಂದ ಮೀನು, ಅದರ ಮೇಲೂ ದೂರು. ನನಗೆ ಖುಷಿಯೋ ಖುಷಿ.

ಹದಿನೈದು ದಿನ ಮುಗಿದ ಮರುದಿನ ಶುಕ್ರವಾರ, ಅಳಿಯ ಮೊದಲನೇ ಬಸ್ಸಿಗೆ ಹೊರಟ. ಒಣ ತಾರ್ಲೆ ಹುರಿದು ಡಬ್ಬಿಗೆ ಹಾಕಿ ಕೊಟ್ಟೆ. ಗೇಟಿನತನಕ ಹೋದೆ.

"ಈ ರಜೆ ಯಾವಾಗಿಂದ ಕೊಡ್ತಾರೆ?"

"ಒಂದು ಎಂಟು ಒಂಬತ್ತು ವರ್ಷ ಆಯ್ತು ಕಾಣ್ತದೆ ಅತ್ತೆ. ಮೊದಲು ಇರಲಿಲ್ಲ."

ಗಂಗೂನ ಮಗನಿಗೆ ಈಗ ಮೂವತ್ತೊಂದು.

"ತಡ ಆಯ್ತು ತಮಾ," ಅಂದೆ. ಮಗನಿಗೆ ಕರೆಯುವ ಹಾಗೆ ಅಳಿಯನಿಗೆ ಯಾವತ್ತೂ ಕರೆದವಳಲ್ಲ.

ಅವ ವಾಚು ನೋಡಿದ. "ಇಲ್ಲ ಅತ್ತೆ, ಬಸ್ಸಿಗೆ ಇನ್ನೂ ಹತ್ತು ನಿಮಿಷ ಅದೆ."

ಅವ ತಿರುವಿನಲ್ಲಿ ಮರೆಯಾಗುವತನಕ ನಿಂತು ವಾಪಸು ಬಂದೆ. ಜೀವ ಕೈಯಲ್ಲಿ ಹಿಡಿದೇ ಬಂದೆ, ಅವ ಇಲ್ಲದ ಮನೆಯಲ್ಲಿ ಇವಳು ಮತ್ತೆ ಗೋಡೆ ಕಡೆ ತಿರುಗಿದ್ದರೆ ಅಂತ. ರೂಪಾಲಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಮಗು. ನಾವು ಯಾರೂ ಎತ್ತಿ ಕೊಟ್ಟದ್ದಲ್ಲ, ಅವಳೇ ಎತ್ತಿ ತಂದದ್ದು.

"ಆಯಿ, ಗಂಜಿ ಆಯ್ತಾ?" ಅಂದಳು. "ಹಸಿವು."

"ಆಯ್ತೇ ತಂಗಿ, ಹಾಕ್ತೆ."

ಅಡುಗೆಮನೆಗೆ ಹೋಗಿ ತಟ್ಟೆ ಇಟ್ಟೆ. ಒಂದು ಸೌಟು ರೂಪಾಲಿಗೆ ಬಡಿಸಿದೆ, ಇನ್ನೊಂದು ಗಂಗೂನ ಪಾಲಿನದ್ದು ಅಂತ ಬಡಿಸಿದೆ. ಎರಡನ್ನೂ ಅವಳು ಉಂಡಳು.